ಅಷ್ಟಮಿಯ ಅಮೆ

ಕೇದಗೆಯ ಜಾತಿಯ ಮುಂಡೇವಿನ ಓಲೆಗೆ ಎರಡು ಅಂಚಿನಲ್ಲೂ ಮುಳ್ಳು, ಬೆನ್ನಿನಲ್ಲೂ ಮುಳ್ಳು. ಅವನ್ನು ಕತ್ತಿಯಿಂದ ಹೆರೆದು, ಓಲೆಯನ್ನು ಕೆಂಡದ ಮೇಲೆ ಬಾಡಿಸಿ, ಕೊಳವೆಯ ಹಾಗೆ ಸುತ್ತಿ, ತುದಿಗೆ ಕಡ್ಡಿ ಚುಚ್ಚಿದರೆ ಮೂಡೆ. ಅದರೊಳಗೆ ಅಕ್ಕಿ-ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿಟ್ಟರೆ ಅಷ್ಟಮಿಯ ಕಡುಬು. ಬೋಳಾರದ ಆ ಮನೆಯಲ್ಲಿ ಕೃಷ್ಣ ಹುಟ್ಟಿದ ದಿನ ಮೂಡೆ ಕಟ್ಟುವುದು ದೇಯಿಯ ಕೆಲಸ. ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಕೆಳಗೆ ಕೂತರೆ ಮಧ್ಯಾಹ್ನದವರೆಗೆ ಏಳುವಂತಿಲ್ಲ. ಉಪವಾಸ ಬೇರೆ. ರಾತ್ರಿ ಚಂದ್ರ ಮೂಡಿ, ತುಳಸಿಕಟ್ಟೆಯಲ್ಲಿ ಅವನಿಗೆ ಹಾಲಿನ ಅರ್ಘ್ಯ ಬಿಟ್ಟ ಮೇಲೆಯೇ ಬಾಯಿಗೆ ಅನ್ನ.

ಹೆಸರಿಗೆ ಆ ಮನೆ ಅವಳದ್ದೇ. ಅಳಿಯಕಟ್ಟಿನ ಮನೆ, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯಬೇಕಾದ ಮನೆ. ಆದರೆ ಬೀಗದ ಕೈ, ಮಾತು, ಯಜಮಾನಿಕೆ ಎಲ್ಲ ಅಣ್ಣ ನೋಣಯ್ಯನದು. ಅವನು ನದಿ ದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಅವನ ಹೆಂಡತಿ ಚಂಪಾ ಬೇರೆ ಬಳಿಯವಳು, ತಾಯಿಯಿಂದ ಬರುವ ಬೇರೆ ಕುಲದವಳು; ಅವರಿಗೆ ಮಕ್ಕಳಾಗಲಿಲ್ಲ. ದೇಯಿಯ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಇದ್ದ ಒಬ್ಬಳೇ ಮಗಳು ಹೇಮಾಕ್ಷಿಯ ಹೆಸರನ್ನು ಎರಡು ವರ್ಷದಿಂದ ಆ ಮನೆಯೊಳಗೆ ಯಾರೂ ಎತ್ತುತ್ತಿರಲಿಲ್ಲ.

ನೋಣಯ್ಯ ಕೆಟ್ಟವನೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಅವನ ಅಪ್ಪ ತೆಂಗಿನ ಮರ ಹತ್ತಿ ಸೇಂದಿ ಇಳಿಸುತ್ತಿದ್ದವನು. ನೋಣಯ್ಯ ಹುಡುಗನಾಗಿದ್ದಾಗ ಅಷ್ಟಮಿಯೆಂದರೆ ಗುಡಿಯ ಪೌಳಿಯ ಹೊರಗೆ ಬಿಸಿಲಲ್ಲಿ ನಿಲ್ಲುವುದು; ಒಳಗಿನಿಂದ ಯಾರೋ ಒಬ್ಬರು ಪ್ರಸಾದವನ್ನು, ಕೈ ತಾಗದ ಹಾಗೆ, ಮೇಲಿಂದ ಬೀಳಿಸುವುದು. ಒಂದು ಸಲ ಅದು ಮಣ್ಣಿಗೆ ಬಿತ್ತು. ಹೆಕ್ಕಿ ತಿಂದ. ಆ ಮಣ್ಣು ಅವನ ಹಲ್ಲಿನಿಂದ ಹೋಗಲೇ ಇಲ್ಲ. ಮೇಸ್ತ್ರಿಯಾದ ಮೇಲೆ ಅವನು ದೇವರನ್ನೇ ಮನೆಗೆ ಕರೆಸಿದ. ಅಂಬೆಗಾಲಿಕ್ಕುವ ಹಿತ್ತಾಳೆಯ ಕೃಷ್ಣ, ಅವನಿಗೊಂದು ಮರದ ತೊಟ್ಟಿಲು, ಐದು ವರ್ಷ ತಪ್ಪದೆ ನಡೆಸುವ ಹರಕೆ. ಇದು ಐದನೆಯ ವರ್ಷ. ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿ ಸ್ವಲ್ಪ ಕಾಲವಾಗಿತ್ತು. ಕಾಲ ಬದಲಾಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಬದಲಾದದ್ದಕ್ಕೆ ನೋಣಯ್ಯನ ಬಳಿ ಸಾಕ್ಷಿಯಿತ್ತು: ಕಾರ್ಖಾನೆಯ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರು, ಮೇಲಿನ ಜಾತಿಯವರು, ತಮ್ಮ ಭಜನೆಯ ಜನವನ್ನು ಕಟ್ಟಿಕೊಂಡು ಈ ಸಲ ಅವನ ಜಗಲಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದರು.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರ ಒಂದು ಕೊಡೆ ಬಂದು ನಿಂತಿತು. ಕೊಡೆಯ ಕೆಳಗೆ ತೆರೆಸಾ. ಪಕ್ಕದ ಓಣಿಯ ಕ್ರಿಸ್ತಿಯನ್ ಹೆಂಗಸು, ಕೇರಿಗೆಲ್ಲ ಬಾಯಮ್ಮ. ಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ಆಯಾ.

"ನೋಣಯ್ಯಣ್ಣಾ, ದೇಯಕ್ಕ ಇದ್ದಾರಾ? ಒಂದು ಸುದ್ದಿ ಉಂಟು."

ನೋಣಯ್ಯ ಏಣಿಯ ಮೇಲೆ ನಿಂತು ಮಾವಿನೆಲೆಯ ತೋರಣ ಕಟ್ಟುತ್ತಿದ್ದ. ಮಾತು ಕೇಳಿದ್ದೇ ಹಾರಿ ಇಳಿದು ಎರಡೂ ಕಿವಿಗೆ ಅಂಗೈ ಒತ್ತಿಕೊಂಡ.

"ನಿಲ್ಲಿ ಬಾಯಮ್ಮ, ಅಲ್ಲೇ ನಿಲ್ಲಿ! ಮಾತಾಡ್ಬೇಡಿ!"

"ಎಂತ ಮಾರಾಯ್ರೆ, ನಾನೆಂತ ವಾರಂಟು ತಂದಿದ್ದೇನಾ?"

"ಇವತ್ತು ನಮ್ಮಲ್ಲಿ ಅಷ್ಟಮಿ."

"ಗೊತ್ತುಂಟು. ಒಂದೇ ಮಾತು. ಹೇಳಿ ಹೋಗ್ತೇನೆ, ನನಗೆ ಪುನಃ ಡ್ಯೂಟಿ ಉಂಟು."

"ಆ ಒಂದೇ ಮಾತು ಬೇಡ. ಒಳ್ಳೇದಾದ್ರೂ ಬೇಡ, ಕೆಟ್ಟದಾದ್ರೂ ಬೇಡ. ಕಿವಿಗೆ ಬಿದ್ರೆ ನಮಗೆ ತಾಗ್ತದೆ. ನಾಳೆ ಬನ್ನಿ. ಮೂಡೆ ತಿಂದು ಆರಾಮಲ್ಲಿ ಹೇಳಿ."

"ನಾಳೆಗೆ ಇಟ್ರೆ ಹಳಸ್ತದೆ ನೋಣಯ್ಯಣ್ಣ."

"ಹಳಸ್ಲಿ."

ಹುಟ್ಟಿನ ಮೈಲಿಗೆಗೆ ಅಮೆ ಎಂದು ಹೆಸರು, ಸಾವಿನದಕ್ಕೆ ಸೂತಕ. ಕುಟುಂಬದಲ್ಲಿ ಯಾರೇ ಹೆತ್ತರೂ ಯಾರೇ ಸತ್ತರೂ ಆ ಬಳಿಯವರೆಲ್ಲರಿಗೂ ಅದು ತಾಗುತ್ತದೆ. ತಾಗಿದ ಮನೆಯಲ್ಲಿ ದೀಪವಿಲ್ಲ, ಪೂಜೆಯಿಲ್ಲ, ಹಬ್ಬವಿಲ್ಲ. ಆದರೆ ದೊಡ್ಡವರು ಒಂದು ಕಿಂಡಿಯನ್ನೂ ಇಟ್ಟಿದ್ದರು. ಮೈಲಿಗೆ ಶುರುವಾಗುವುದು ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಕೇಳದಿದ್ದರೆ ಇಲ್ಲ. ಸಾವಿನ ಸುದ್ದಿ ತಂದವನನ್ನು ಗದ್ದೆಯ ಬದುವಿನಲ್ಲೇ ಕೂರಿಸಿ, ಒಳಗೆ ಮದುವೆ ಮುಗಿಸಿ, ಎಲೆ ಎತ್ತಿದ ಮೇಲೆ "ಈಗ ಹೇಳು" ಎಂದ ಹಿರಿಯರ ಕಥೆಯನ್ನು ಆ ಮನೆಯಲ್ಲಿ ನಗುತ್ತ ಹೇಳುತ್ತಿದ್ದರು. ಬದುವಿನಲ್ಲಿ ಕೂತವನು ಅಷ್ಟು ಹೊತ್ತು ಏನು ಮಾಡಿದ ಎಂದು ಯಾರೂ ಕೇಳಿದ್ದಿಲ್ಲ.

ದೇಯಿ ಕಿಟಕಿಯ ಸರಳುಗಳ ನಡುವೆ ಎಲ್ಲವನ್ನೂ ನೋಡಿದಳು. ತೆರೆಸಾ ಕೊಡೆಯನ್ನು ಸ್ವಲ್ಪ ಓರೆ ಮಾಡಿ, ನೋಣಯ್ಯನ ಹೆಗಲ ಮೇಲಿಂದ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದಳು. ಇಬ್ಬರ ಕಣ್ಣೂ ಸೇರಿತು. "ಹೇಳಿ ಬಾಯಮ್ಮ" ಎಂದು ಒಂದು ಕೂಗು ಕೂಗಿದ್ದರೆ ಸಾಕಿತ್ತು. ದೇಯಿಯ ಕೈಯಲ್ಲಿ ಅರ್ಧ ಸುತ್ತಿದ ಮೂಡೆ ಇತ್ತು. ಅವಳು ಕೂಗಲಿಲ್ಲ. ತೆರೆಸಾ ಇನ್ನೂ ಸ್ವಲ್ಪ ಕಾದಳು. ಆಮೇಲೆ ಕೊಡೆ ಓಣಿಯ ತಿರುವಿನಲ್ಲಿ ಮರೆಯಾಯಿತು.

ಸುದ್ದಿ ಯಾರದ್ದೆಂದು ದೇಯಿಗೆ ಗೊತ್ತಿತ್ತು. ತಂದು ಹೇಳಿ ಎಂದು ಕೈ ಹಿಡಿದು ಕೇಳಿಕೊಂಡವಳೇ ಅವಳು.

ಹೇಮಾಕ್ಷಿ ಬೀಡಿ ಕಟ್ಟುವ ಹುಡುಗಿ. ಅವಳು ಮೆಚ್ಚಿದ ಚನಿಯ ಅದೇ ಹಂಚಿನ ಕಾರ್ಖಾನೆಗೆ ದೋಣಿಯಿಂದ ಮಣ್ಣು ಹೊರುತ್ತಿದ್ದವನು. ಊರಿಗೆ ಅವನ ಕುಲದವರ ಡೋಲು ಬೇಕು, ಅವರು ಅಂಗಳಕ್ಕೆ ಬೇಡ, ಅಂಥ ಕೇರಿಯವನು. ಇಬ್ಬರೂ ಒಂದು ದಿನ ಕೂಳೂರಿಗೆ ಹೋಗಿ ಹೊಳೆಗೆ ಕಟ್ಟಿದ ಸಂಕದ ಆಚೆ ಗುಡಿಸಲು ಹಾಕಿದರು. ನೋಣಯ್ಯ ಚನಿಯನನ್ನು ಕೆಲಸದಿಂದ ಬಿಡಿಸಿದ. ಹೊಸ್ತಿಲಿಗೆ ಒಂದು ಕೊಡ ನೀರು ಹೊಯ್ದು, "ಅವಳು ನಮಗೆ ಇಲ್ಲ" ಎಂದ. ಅಷ್ಟೇ ಮಾತು. ಮಣ್ಣಿಗೆ ಬಿದ್ದ ಪ್ರಸಾದ ತಿಂದವನು ಹೇಳಿದ ಮಾತು ಅದು.

ಅಂದಿನಿಂದ ದೇಯಿಯ ಪಾಲಿಗೆ ಮನೆಯಲ್ಲಿ ಒಂದು ಬಗೆಯ ಮೌನ. ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಮಗಳ ಚಾಪೆಯನ್ನು ಯಾರೋ ಅಟ್ಟಕ್ಕೆ ಹಾಕಿದರು, ಅವಳ ಬಟ್ಟಲಲ್ಲಿ ದನಕ್ಕೆ ಉಪ್ಪು ಕಲಸಿದರು. ಬಾವಿಕಟ್ಟೆಯಲ್ಲಿ ಹೆಂಗಸರು ಮಕ್ಕಳ ಮಾತು ಎತ್ತಿದರೆ ದೇಯಿ ಬಂದದ್ದು ನೋಡಿ ಮಳೆಯ ಮಾತಿಗೆ ಹೊರಳುತ್ತಿದ್ದರು. ತೆರೆಸಾ ಒಬ್ಬಳು ಹಾಗಲ್ಲ. ತಿಂಗಳ ಹಿಂದೆ ಬಾವಿಯ ಹತ್ತಿರ ನೇರ ಹೇಳಿದಳು: "ದೇಯಕ್ಕ, ನಿಮ್ಮ ಹೇಮಿ ಆಸ್ಪತ್ರೆಗೆ ತೋರಿಸ್ಲಿಕ್ಕೆ ಬಂದಿದ್ಲು. ಮಗು ಅಡ್ಡ ಕೂತಿದೆಯಂತೆ. ಮನೆಯಲ್ಲಿ ಹೆರ್ಬಾರ್ದು ಅಂತ ಡಾಕ್ಟ್ರಮ್ಮ ಹೇಳಿದ್ದಾರೆ. ಗಂಡ ಘಟ್ಟಕ್ಕೆ ಹೋಗಿದ್ದಾನಂತೆ ಕೂಲಿಗೆ. ಒಬ್ಬಳೇ ಇದ್ದಾಳೆ."

"ಎಂತ ಆದ್ರೂ ನನಗೆ ಬಂದು ಹೇಳಿ ಬಾಯಮ್ಮ. ಎಂತ ಆದ್ರೂ."

ಈಗ ಆಗಿತ್ತು. ಎಂತ ಆಯಿತು ಎಂದು ಮಾತ್ರ ಗೊತ್ತಿಲ್ಲ.

ಚಂಪಾ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದಳು. ದೇಯಿ ಓಲೆ ಕೆಳಗಿಟ್ಟು ಹತ್ತಿರ ಹೋದಳು.

"ಅತ್ತಿಗೆ, ನಿಮ್ಮ ಬಳಿ ಬೇರೆ. ನಮ್ಮ ಅಮೆ ನಿಮಗೆ ತಾಗುವುದಿಲ್ಲ. ನೀವು ಹೋಗಿ ಕೇಳಿ ಬರ್ಬಹುದಲ್ಲ?"

"ಕೇಳಿ ಬಂದು?"

"ನನಗೆ ಹೇಳುವುದು ಬೇಡ. ನೀವು ಕೇಳಿದ್ರೆ ಸಾಕು."

ಚಂಪಾ ಹಲ್ಲಿನಲ್ಲಿ ಬಾಳೆನಾರು ಕಚ್ಚಿಕೊಂಡೇ ನಕ್ಕಳು; ಕಣ್ಣಿನಲ್ಲಿ ನಗು ಇರಲಿಲ್ಲ. "ನನ್ನ ಬಾಯಿ ಸುಮ್ಮನೆ ಇರ್ತದೆ ದೇಯಿ. ಮುಖ ಸುಮ್ಮನೆ ಇರ್ತದಾ? ನೀನು ನನ್ನ ಮುಖ ನೋಡ್ತಾ ಕೂತ್ಕೊಳ್ತೀ. ನಾನು ಹೇಗೆ ಹೂ ಕಟ್ಟುವುದು?" ನಾರನ್ನು ಬಾಯಿಂದ ತೆಗೆದು ಮೆಲ್ಲಗೆ ಹೇಳಿದಳು: "ನಾನೂ ಅವಳ ಜಡೆ ಹಾಕಿದವಳು. ನನ್ನಿಂದ ಆಗುವುದಿಲ್ಲ ಮಾರಾಯ್ತಿ."

ದೇಯಿ ಮತ್ತೆ ಕಿಟಕಿಯ ಕೆಳಗೆ ಕೂತಳು.

ತೆರೆಸಾ ಓಡಿ ಬಂದಿದ್ದಳೋ, ನಡೆದು ಬಂದಿದ್ದಳೋ? ಸಾವಿನ ಸುದ್ದಿ ತರುವವರು ಗೇಟಿನ ಹೊರಗೆ ನಿಂತು ಕೂಗುತ್ತಾರಾ? ವಾರಂಟಿನ ತಮಾಷೆ ಮಾಡುತ್ತಾರಾ? ಹಾಗಾದರೆ ಬದುಕಿದ್ದಾಳೆ. ಆದರೆ ತೆರೆಸಾ ದಿನಕ್ಕೆ ಎಷ್ಟು ಹೆರಿಗೆ, ಎಷ್ಟು ಹೆಣ ನೋಡಿದವಳು. ಅವಳಿಗೆ ತಮಾಷೆ ಎಲ್ಲಿಯೂ ಬರುತ್ತದೆ. ಹಳಸುತ್ತದೆ ಎಂದಳಲ್ಲ? ಹುಟ್ಟಿದ ಸುದ್ದಿ ಹಳಸುತ್ತದಾ? ಹಳಸುವುದು ಇನ್ನೊಂದು. ದೇಯಿ ಓಲೆ ಸುತ್ತಿದಳು, ಬಿಚ್ಚಿದಳು. ಹೆರೆಯದೆ ಬಿಟ್ಟ ಮುಳ್ಳೊಂದು ಹೆಬ್ಬೆರಳಿಗೆ ಇಳಿಯಿತು. ಹೆಣ್ಣು ಹೆರುವಾಗ ತಾಯಿಯ ಮನೆಯಲ್ಲಿ ಹೆರಬೇಕು. ಮೊದಲ ನೋವಿಗೆ ಅವಳ ಸೊಂಟಕ್ಕೆ ಎಣ್ಣೆ ಹಚ್ಚಬೇಕಾದ ಕೈ ಇದು. ಇಲ್ಲಿ ಕೂತು ದೇವರಿಗೆ ಕಡುಬಿನ ಗೂಡು ಕಟ್ಟುತ್ತಿದೆ.

ಚಾವಡಿಯಲ್ಲಿ ತೊಟ್ಟಿಲು ತಯಾರಾಯಿತು. ದೇವರಿಗೆ ಎಂದು ಬೇರೆ ಮಾಡಿಸಿದ್ದಲ್ಲ. ಈ ಮನೆಯ ಹೆಣ್ಣುಗಳು ಹೆತ್ತ ಮಕ್ಕಳೆಲ್ಲ ಮಲಗಿದ ತೊಟ್ಟಿಲನ್ನೇ ನೋಣಯ್ಯ ಹೆರೆಸಿ, ಹೊಸ ಬಣ್ಣ ಬಳಿಸಿದ್ದ. ಇವತ್ತು ಅದಕ್ಕೆ ಪಟ್ಟೆಯ ವಸ್ತ್ರ, ಮಲ್ಲಿಗೆ, ಕೇದಗೆ. ಹುಟ್ಟದ ದೇವರಿಗೆ ಹುಟ್ಟುಹಬ್ಬ, ತೊಟ್ಟಿಲು, ಬೆಣ್ಣೆ. ಹುಟ್ಟುವ ಮಗುವಿಗೆ ಗೇಟಿನಲ್ಲಿ ಕಿವಿ ಮುಚ್ಚುವ ಕೈ. ಹಿತ್ತಾಳೆಯ ಮಗು ಹೊಕ್ಕುಳಬಳ್ಳಿಯಿಲ್ಲದೆ ಬಂದದ್ದು. ರಕ್ತವಿಲ್ಲ, ಅಳುವಿಲ್ಲ, ಜಾತಿಗೆಟ್ಟ ಅಪ್ಪನಿಲ್ಲ. ಅಂಥ ಮಗುವಾದರೆ ಎಲ್ಲರಿಗೂ ಬೇಕು.

ಹೊತ್ತು ಇಳಿಯುತ್ತ ಬಂತು. ಕಡುಬು ಬೇಯತೊಡಗಿ ಮುಂಡೇವಿನ ಪರಿಮಳ ಮನೆಯೆಲ್ಲ ಹಬ್ಬಿತು. ನೋಣಯ್ಯ ಸ್ನಾನ ಮಾಡಿ, ಮಡಿ ಉಟ್ಟು, ತುಳಸಿಕಟ್ಟೆಯ ಸುತ್ತ ಸೆಗಣಿ ಸಾರಿಸಿದ ನೆಲದಲ್ಲಿ ರಂಗೋಲಿಯ ಗೆರೆ ಸರಿಯಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ದೇಯಿ ಅಂಗಳಕ್ಕೆ ಇಳಿದಳು.

"ಅಣ್ಣ, ಒಂದು ಕೇಳ್ಲಿಕ್ಕುಂಟು."

"ನಾಳೆ ಕೇಳು."

"ಹೇಮಿ ನಮಗೆ ಇಲ್ಲ ಅಂತ ನೀನೇ ಅಲ್ಲವಾ ಹೇಳಿದ್ದು?"

ಎರಡು ವರ್ಷದ ಮೇಲೆ ಆ ಹೆಸರು ಅಂಗಳದಲ್ಲಿ ಬಿತ್ತು. ನೋಣಯ್ಯ ತಲೆ ಎತ್ತಲಿಲ್ಲ. "ಹೌದು. ಈಗ ಎಂತಕ್ಕೆ ಆ ಮಾತು?"

"ಇಲ್ಲದವಳ ಅಮೆ ನಮಗೆ ಹೇಗೆ ತಾಗ್ತದೆ?"

"ಅವಳದ್ದೇ ಸುದ್ದಿ ಅಂತ ನಿನಗೆ ಯಾರು ಹೇಳಿದ್ದು?"

"ಅಲ್ಲ ಅಂತಾದ್ರೆ ಕರೆದು ಕೇಳುವ. ಬೀದಿಯಲ್ಲಿ ಹೋಗುವವರ ಮಗು ಹುಟ್ಟಿದ್ರೆ, ಸತ್ರೆ ನಮಗೆ ಎಂತ? ನಮ್ಮ ಅಷ್ಟಮಿ ನಡೀತದೆ."

"ದೇಯಿ, ತಲೆ ತಿನ್ಬೇಡ. ರೈಟರು ಬರುವ ಹೊತ್ತಾಯಿತು."

"ನೀನು ಕಿವಿ ಮುಚ್ಚಿದ್ದು ಎಂತಕ್ಕೆ, ಅದು ಹೇಳು."

"ಒಂದು ಕೊಡ ನೀರು ಹೊಯ್ದ ಕೂಡಲೇ ಬಳಿ ತೊಳೆದು ಹೋಗ್ತದಾ? ಹೆಡ್ಡಿ!" ನೋಣಯ್ಯನ ಬಾಯಿಂದ ಮಾತು ಹಾರಿಯೇ ಹೋಯಿತು. "ಅವಳು ಹೆತ್ರೆ ನಮ್ಮ ಬಳಿಗೇ ಹೆರುವುದು. ತಾಗದೆ ಇರ್ತದಾ? ಹೋಗು, ಒಳಗೆ ಕೂತ್ಕೋ."

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಮುಖ ಆ ಕಡೆ ತಿರುಗಿಸಿ, ಅಳಿಸಿರದ ರಂಗೋಲಿಯ ಗೆರೆಯನ್ನು ಮತ್ತೆ ಎಳೆಯತೊಡಗಿದ.

ದೇಯಿ ಅಲ್ಲೇ ನಿಂತಳು. ಪ್ರೀತಿ ಒಪ್ಪದ್ದನ್ನು, ಕರುಳು ಒಪ್ಪದ್ದನ್ನು ಮೈಲಿಗೆ ಒಪ್ಪಿಕೊಂಡಿತ್ತು. ಉಣ್ಣಲು ಕರೆಯಲಿಕ್ಕೆ ಅವಳು ಇವರಿಗೆ ಇಲ್ಲ, ಹೆರಿಗೆಗೆ ಕರೆತರಲಿಕ್ಕೆ ಇಲ್ಲ, ಹೆಸರು ಹೇಳಲಿಕ್ಕೆ ಇಲ್ಲ. ಹೆದರಲಿಕ್ಕೆ ಮಾತ್ರ ಇದ್ದಾಳೆ. ಇರಲಿ. ಇದ್ದಾಳಲ್ಲ.

ಅವಳು ಬಾವಿಕಟ್ಟೆಗೆ ಹೋಗಿ ಕೈಗೆ ಮೆತ್ತಿದ ಹಿಟ್ಟು ತೊಳೆದಳು. ಒಳಗೆ ಹೋಗಿ ಸೀರೆ ಬದಲಿಸಿದಳು. ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದಳು. ಅಷ್ಟರಲ್ಲಿ ರೈಟರು ಬಂದಾಗಿತ್ತು. ಜಗಲಿಯಲ್ಲಿ ಹೊಸ ಚಾಪೆ. ಅದರ ಮೇಲೆ ಅವರು, ಅವರ ಜೊತೆಯ ನಾಲ್ಕೈದು ಜನ, ಒಂದು ಹಾರ್ಮೋನಿಯಂ. ಮುಂದಿಟ್ಟ ಎಳನೀರನ್ನು ರೈಟರು ಇನ್ನೂ ಮುಟ್ಟಿರಲಿಲ್ಲ. ಉಪವಾಸವೋ, ಬೇರೆ ಕಾರಣವೋ, ಕೇಳುವ ಧೈರ್ಯ ನೋಣಯ್ಯನಿಗಿಲ್ಲ. ಅವನು ಕೈಕಟ್ಟಿ ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದ. ತನ್ನ ಮನೆಯ ಕೆಳಗಿನ ಮೆಟ್ಟಿಲಲ್ಲಿ.

ದೇಯಿ ಇಳಿಯುವುದನ್ನು ನೋಡಿ ಅವನ ಮುಖ ಬಿಳುಚಿತು. ನಗುವನ್ನು ಹಾಗೆಯೇ ಇಟ್ಟುಕೊಂಡು ಪಿಸುಮಾತಿನಲ್ಲಿ ಕೇಳಿದ: "ಎಲ್ಲಿಗೆ?"

"ಕೇಳ್ಲಿಕ್ಕೆ."

"ಕೇಳಿದ್ರೆ ಇವತ್ತು ಈ ಮೆಟ್ಟಿಲು ಹತ್ಲಿಕ್ಕಿಲ್ಲ."

"ಗೊತ್ತುಂಟು."

"ದೇಯಿ. ಐದು ವರ್ಷ." ಅವನು ಜಗಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿದ. "ಇದೊಂದು ರಾತ್ರಿ."

ಅವಳಿಗೆ ಒಂದು ಗಳಿಗೆ ಅವನ ಮೇಲೆ ಕನಿಕರ ಬಂತು. ಪೌಳಿಯ ಹೊರಗಿನ ಆ ಹುಡುಗ ಇನ್ನೂ ಅಂಗೈ ಒಡ್ಡಿಕೊಂಡೇ ನಿಂತಿದ್ದಾನೆ ಅನಿಸಿತು. ಆದರೆ ಅವನ ಅಂಗೈ ತುಂಬಲಿಕ್ಕೆ ತನ್ನ ಮಗಳನ್ನು ಕೊಟ್ಟು ಆಗಿದೆ. ಇನ್ನೆಷ್ಟು ಕೊಡುವುದು?

"ಯಾರು ನೋಣಯ್ಯ ಅದು?" ರೈಟರು ಕೇಳಿದರು.

"ತಂಗಿ ಸ್ವಾಮಿ. ಹೂವಿಗೆ ಹೋಗ್ತಾಳೆ," ಎಂದ ನೋಣಯ್ಯ. ಎಂದವನೇ ಜಾಗಟೆ ಎತ್ತಿ ಬಡಿಯತೊಡಗಿದ, ಹೊತ್ತಲ್ಲದ ಹೊತ್ತಿನಲ್ಲಿ. ಅವಳು ಗೇಟಿನಿಂದ ತಿರುಗಿ ಏನಾದರೂ ಕೂಗಿಬಿಟ್ಟರೆ ಯಾರಿಗೂ ಕೇಳದಿರಲೆಂದು. ಅವಳು ಕೂಗಲಿಲ್ಲ. ಕೂಗಲು ಅವಳಿಗೂ ಇನ್ನೂ ಏನೂ ಗೊತ್ತಿರಲಿಲ್ಲ.

ತೆರೆಸಾಳ ಮನೆಗೆ ಬೀಗ. ಡ್ಯೂಟಿಗೆ ಹೋಗಿಯಾಗಿತ್ತು. ಹಾಗಾದರೆ ಆಸ್ಪತ್ರೆಯವರೆಗೂ ನಡೆಯಬೇಕು.

ಜಿನುಗು ಮಳೆ. ಅವಳು ಕೊಡೆ ತಂದಿರಲಿಲ್ಲ. ಮಂಗಳಾದೇವಿಯ ರಸ್ತೆಯುದ್ದಕ್ಕೂ ಅಂಗಳಗಳಲ್ಲಿ ತುಳಸಿಕಟ್ಟೆ ತೊಳೆಯುತ್ತಿದ್ದರು. ಎಣ್ಣೆ ಸ್ನಾನ ಮಾಡಿದ ಮಕ್ಕಳು ಒದ್ದೆ ತಲೆಯಲ್ಲಿ ಓಡುತ್ತಿದ್ದರು. ಒಂದೊಂದು ಮನೆಯಿಂದಲೂ ಚಕ್ಕುಲಿ ಕರಿದ ವಾಸನೆ, ಮುಂಡೇವಿನ ವಾಸನೆ. ಗುರುತಿನ ಹೆಂಗಸೊಬ್ಬಳು ಜಗಲಿಯಿಂದ ಕೂಗಿದಳು: "ದೇಯಕ್ಕಾ, ಮೂಡೆ ಬೆಂದಿತಾ? ಈ ಹೊತ್ತಿಗೆ ಎತ್ತ ಸವಾರಿ?" ದೇಯಿ ಕೈ ಎತ್ತಿದಳು, ನಿಲ್ಲಲಿಲ್ಲ. ಊರಿಡೀ ಒಂದು ಮಗುವಿನ ದಾರಿ ಕಾಯುತ್ತಿದೆ. ಯಾರನ್ನು ನಿಲ್ಲಿಸಿ, ಯಾವ ಮಗುವಿನ ಮಾತು ಹೇಳುವುದು?

ಇನ್ನೂ ಅವಳಿಗೆ ಮೈಲಿಗೆ ಆಗಿರಲಿಲ್ಲ. ಪ್ರತಿ ತಿರುವಿನಲ್ಲಿ ಅದು ನೆನಪಾಗುತ್ತಿತ್ತು. ಇಲ್ಲಿಂದ ಹಿಂದಿರುಗಿದರೂ ಮೆಟ್ಟಿಲು ಹತ್ತಬಹುದು, ಅರ್ಘ್ಯದ ಹಾಲು ಹಿಡಿಯಬಹುದು. ಕೇಳದಿರುವವರೆಗೆ ಹೇಮಿ ಸತ್ತಿಲ್ಲ ಎಂದು ಕೂಡ ಅಂದುಕೊಳ್ಳಬಹುದು. ಕಾಲು ನಿಧಾನವಾಯಿತು. ಕಿವಿ ಮುಚ್ಚುವ ಅಣ್ಣನ ಕೈ ತನ್ನ ತಲೆಯ ಎರಡು ಕಡೆಯಲ್ಲೂ ಇದ್ದದ್ದು ಅವಳಿಗೆ ಆಗ ತಿಳಿಯಿತು. ಎರಡು ವರ್ಷದಲ್ಲಿ ಕೂಳೂರಿಗೆ ಬಸ್ಸು ಇರಲಿಲ್ಲವೇ? ಇತ್ತು. ಬಸ್ಸಿನ ಹೊಗೆಯನ್ನು ನೋಡುತ್ತ ನಿಂತದ್ದೂ ಇತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಿರುಸಾಗಿ ನಡೆದಳು.

ಹೆರಿಗೆ ವಾರ್ಡಿನ ಬಾಗಿಲಲ್ಲಿ ತೆರೆಸಾ ಬಕೆಟು ಹಿಡಿದು ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ನೆನೆದ ದೇಯಿಯನ್ನು ನೋಡಿ ಬಕೆಟು ಕೆಳಗಿಟ್ಟಳು.

"ಈಗ ಹೇಳ್ಬಹುದಾ? ಅಲ್ಲ, ಇನ್ನೂ ಚಂದ್ರ ಬರ್ಬೇಕಾ?"

"ಹೇಳಿ ಬಾಯಮ್ಮ."

"ಹೆಣ್ಣು. ತಾಯಿ ಮಗು ಇಬ್ಬರೂ ಇದ್ದಾರೆ." ತೆರೆಸಾ ಇನ್ನೂ ಸಿಟ್ಟಿನಲ್ಲಿದ್ದಳು. "ಡಾಕ್ಟ್ರಮ್ಮ ಮಗುವನ್ನು ತಿರುಗಿಸಿ, ಇಕ್ಕಳ ಹಾಕಿ ಎಳೆದದ್ದು. ತುಂಬ ರಕ್ತ ಹೋಯಿತು. ಮಧ್ಯಾಹ್ನ 'ಅಮ್ಮನನ್ನು ಕರೀರಿ' ಅಂತ ನನ್ನ ಸೆರಗು ಬಿಡ್ಲಿಲ್ಲ. ಉಳೀತಾಳೆ ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ ದೇಯಕ್ಕ. ಅದು ಹೇಳ್ಲಿಕ್ಕೆ ಬಂದದ್ದು ನಾನು."

ಅಮೆ ತಾಗಿತು. ಅದು ತಾಗುವುದೆಂದರೆ ಹೀಗೆ ಎಂದು ದೇಯಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಮೇಲೆ ಯಾರೋ ಬೆನ್ನ ಮೇಲೆ ಕೈ ಇಟ್ಟ ಹಾಗೆ ಇತ್ತು.

ಒಳಗಿನಿಂದ ನರ್ಸಮ್ಮ ಗದರಿದರು: "ಯಾರದು? ಈಗ ಒಳಗೆ ಬಿಡುವುದಿಲ್ಲ. ಪೇಷಂಟಿಗೆ ನೀವು ಎಂತ ಆಗ್ಬೇಕು?"

"ತಾಯಿ," ಎಂದಳು ದೇಯಿ. ಸಾಲದು ಅನಿಸಿತೋ ಏನೋ, ಮತ್ತೆ ಹೇಳಿದಳು: "ಆ ಮಗುವಿನ ಅಮೆ ನನಗುಂಟು."

ಘಟ್ಟದ ಮೇಲಿನವರಾದ ನರ್ಸಮ್ಮನಿಗೆ ಅರ್ಥವಾಗಲಿಲ್ಲ. ತೆರೆಸಾ ಅವರನ್ನು ಬದಿಗೆ ಕರೆದು ಏನೋ ಹೇಳಿ ದೇಯಿಯನ್ನು ಒಳಗೆ ತಳ್ಳಿದಳು.

ಕೊನೆಯ ಹಾಸಿಗೆ. ಹೇಮಾಕ್ಷಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೀಡಿಯ ಎಲೆ ಕತ್ತರಿಸಿ ಗಂಟುಗಟ್ಟಿದ ಬೆರಳುಗಳು ಹೊದಿಕೆಯ ಮೇಲೆ. ಆಚೆ ಬದಿಯಲ್ಲಿ ಆಸ್ಪತ್ರೆಯ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಮಗು; ಇಕ್ಕಳದ ಗುರುತು ಕೆನ್ನೆಯ ಮೇಲೆ ಕೆಂಪಗೆ. ದೇಯಿ ಹೆಸರು ಹಿಡಿದು ಕರೆಯಲಿಲ್ಲ. ಅವಳ ಸೀರೆಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು.

"ಅರ್ಘ್ಯ ಆಯಿತಾ?" ಗೋಡೆಯ ಕಡೆಯಿಂದ ದನಿ ಬಂತು.

"ಇಲ್ಲ. ಚಂದ್ರ ಬರ್ಲಿಕ್ಕೆ ಇನ್ನೂ ಹೊತ್ತುಂಟು."

"ಹಾಗಾದ್ರೆ ಬೇಗ ಬಂದ್ರಿ."

ಹುಟ್ಟಿದಂದಿನಿಂದ ತಾಯಿಯನ್ನು 'ನೀನು' ಎಂದೇ ಕರೆದ ಮಗಳು. ದೇಯಿ ಅದನ್ನು ನುಂಗಿಕೊಂಡಳು.

"ಮಾವ ಹೇಳ್ಲಿಕ್ಕೆ ಬಿಡ್ಲಿಲ್ಲವಂತೆ," ಎಂದಳು ಹೇಮಾಕ್ಷಿ.

"ಹೌದು."

"ನೀವು ಎಲ್ಲಿ ಇದ್ರಿ ಆಗ?"

ಬಾವಿಯಲ್ಲಿ ಇದ್ದೆ, ಕೇಳಿಸಲಿಲ್ಲ ಎಂದು ಹೇಳಬಹುದಿತ್ತು. "ಕಿಟಕಿಯಲ್ಲಿ. ಮೂಡೆ ಕಟ್ತಾ ಇದ್ದೆ. ಬಾಯಮ್ಮನನ್ನು ನೋಡಿದೆ."

"ನೋಡಿ?"

"ಕೂಗ್ಲಿಲ್ಲ."

ಪಕ್ಕದ ಹಾಸಿಗೆಯವಳ ಕಡೆಯವರು ಬುತ್ತಿ ಬಿಚ್ಚಿ, ಮಗು ಯಾರ ಹಾಗೆ ಉಂಟು ಎಂದು ಜಗಳವಾಡುತ್ತಿದ್ದರು. ಆಮೇಲೆ ಹೇಮಾಕ್ಷಿಯೇ ಹೇಳಿದಳು, ಯಾರಿಗೋ ಹೇಳುವ ಹಾಗೆ: "ಬೆಳಿಗ್ಗೆ ಸಂಕದ ಹತ್ತಿರ ಬಸ್ಸು ಬರ್ಲಿಲ್ಲ. ಕೂತ್ಕೊಂಡ್ರೆ ಏಳ್ಲಿಕ್ಕೆ ಆಗುವುದಿಲ್ಲ ಅಂತ ನಿಂತೇ ಇದ್ದೆ. ನೋವು ಬಂದಾಗ ಸಂಕದ ಕಟ್ಟೆ ಹಿಡ್ಕೊಂಡೆ. ಜನ ಹೋಗ್ತಾ ಇದ್ರು. ಕೈಯಲ್ಲಿ ಎಲ್ಲರಿಗೂ ಹೂವು."

ದೇಯಿಯ ಕೈ ಮಗಳ ಸೊಂಟದ ಕಡೆ ಹೋಯಿತು. ಮುಟ್ಟುವ ಮೊದಲೇ ನಿಂತಿತು.

"ಮಗುವನ್ನು ಎತ್ತಿಕೊಳ್ಳಲಾ?"

"ಅಮೆ ಕಳೆದ ಮೇಲೆ ಹೋಗ್ತೀರಲ್ಲ, ಬೋಳಾರಕ್ಕೆ?"

ಹೋಗುವುದಿಲ್ಲ ಎಂದು ದೇಯಿ ಹೇಳಬೇಕಿತ್ತು. ಎಂದರೆ ಯಾರು ನಂಬುವುದು? ಮಧ್ಯಾಹ್ನ ಕಿಟಕಿಯಲ್ಲಿ ಒಂದು ಕೂಗು ಹಾಕದವಳು ಈಗ ಎಷ್ಟು ದೊಡ್ಡ ಮಾತು ಹೇಳಿದರೂ ಅದಕ್ಕೆ ಬೆಲೆ ಎಲ್ಲಿಂದ?

"ಹೋಗುವುದಾದ್ರೆ ಈಗಲೇ ಹೋಗಿ," ಎಂದಳು ಹೇಮಾಕ್ಷಿ. "ಎತ್ಕೊಳ್ಬೇಡಿ. ಮಗುವಿಗೆ ಅಭ್ಯಾಸ ಆಗುವುದು ಬೇಡ."

ಅವಳು ಕಣ್ಣು ಮುಚ್ಚಿದಳು. ನಿದ್ದೆಯೋ, ಮಾತು ಮುಗಿದದ್ದೋ ತಿಳಿಯಲಿಲ್ಲ. ಮಂಚದ ಕೆಳಗೆ ರಕ್ತದ ಬಟ್ಟೆಗಳ ಒಂದು ಮುದ್ದೆ ಬಿದ್ದಿತ್ತು. ತೊಳೆಯಲು ಜನ ಬಂದಿರುವ ಹಾಸಿಗೆಗಳ ಕೆಳಗೆ ಅಂಥದ್ದು ಇರಲಿಲ್ಲ. ದೇಯಿ ಬಗ್ಗಿ ಅದನ್ನು ತೆಗೆದುಕೊಂಡು ಹಿತ್ತಿಲಿನ ನಲ್ಲಿಗೆ ಹೋದಳು. ನೀರು ಸಣ್ಣಗೆ ಬರುತ್ತಿತ್ತು. ಒಂದೊಂದೇ ಬಟ್ಟೆಯನ್ನು ಕಲ್ಲಿಗೆ ಹಾಕಿ, ಕೆಂಪು ಹೋಗುವವರೆಗೆ ಉಜ್ಜಿದಳು. ಮಳೆಗಾಲದಲ್ಲಿ ಹೊರಗೆ ಒಣಗುವುದಿಲ್ಲ. ವರಾಂಡದ ಕಂಬಿಗೆ ಹರಡಿ, ಮಡಿಕೆ ಬಿಡಿಸಿದಳು.

ಬಂದು ನೋಡಿದಾಗ ಹೇಮಾಕ್ಷಿ ಗೋಡೆಯ ಕಡೆಗೇ ತಿರುಗಿದ್ದಳು. ಮಗು ಎಚ್ಚರವಾಗಿ ಬಾಯಿ ಅತ್ತಿತ್ತ ಆಡಿಸುತ್ತಿತ್ತು. ದೇಯಿ ಎತ್ತಿಕೊಳ್ಳಲಿಲ್ಲ. ಒದ್ದೆ ಸೀರೆಯನ್ನು ಮೊಣಕಾಲಿನ ನಡುವೆ ಹಿಂಡಿ, ಮಂಚದ ಕಾಲಿನ ಬದಿಯಲ್ಲಿ, ಬರಿ ನೆಲದ ಮೇಲೆ ಕೂತಳು. ಇಲ್ಲಿಂದ ಏಳು ಎಂದು ಯಾರೂ ಹೇಳಲಿಲ್ಲ, ಕೂತ್ಕೋ ಎಂದೂ ಯಾರೂ ಹೇಳಲಿಲ್ಲ.